ಅತ್ತೆಮನೆಯ ಸೊಳ್ಳೆಮರಿ

ಅಳಿಯ ಕೇಳಿದ್ದೆಲ್ಲ ಅತ್ತೆಮನೆಯಲ್ಲಿ ಸಿಗುತ್ತದೆ ಎನ್ನುವವರು ಒಮ್ಮೆ ಸೊಳ್ಳೆಮರಿ ಕೇಳಿ ನೋಡಬೇಕು. ನಾನು ಕೇಳಿ ನೋಡಿದ್ದೇನೆ.

ವಿಶಾಖಪಟ್ಟಣದ ಪ್ರಯೋಗಾಲಯವೊಂದರಲ್ಲಿ ಸೊಳ್ಳೆ ಕೊಲ್ಲುವುದು ನನ್ನ ಹೊಟ್ಟೆಪಾಡು. ಈಗಿನ ಮಲೇರಿಯಾ ಸೊಳ್ಳೆಗಳಿಗೆ ಹಳೆಯ ಕೀಟನಾಶಕ ಸೆಂಟು ಇದ್ದಂತೆ, ಹೊಡೆದಷ್ಟೂ ಲವಲವಿಕೆ. ಹಾಗಾಗಿ ಅವು ನೀರಿನಲ್ಲಿ ಮರಿಯಾಗಿರುವಾಗಲೇ ಬೇವಿನ ರಸವನ್ನೋ, ಅವುಗಳ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಪುಡಿಯನ್ನೋ ಹಾಕಿ ನೋಡುತ್ತೇವೆ. ಪರೀಕ್ಷೆಗೆ ಊರ ನೀರಿನಲ್ಲಿ ಹುಟ್ಟಿದ ಗಟ್ಟಿ ಮರಿಗಳೇ ಬೇಕು. “ಸೋಮವಾರ ಮರಿ ಬರದಿದ್ದರೆ ಈ ಕೆಲಸ ಬೇರೆಯವರಿಗೆ” ಎಂದರು ನಮ್ಮ ಮೇಡಂ. ವರ್ಷಗಟ್ಟಲೆ ಪಟ್ಟ ಪಾಡು ಇನ್ನೊಬ್ಬರ ಪಾಲಾಗುವುದೇ ಎಂದು ಸಂಕಟವಾಯಿತು. ಆಗ ನೆನಪಾದದ್ದು ವಿಜಯವಾಡದ ಪಟಮಟದಲ್ಲಿರುವ ಅತ್ತೆಮನೆಯ ನೀರಿನ ತೊಟ್ಟಿ. ಮದುವೆಯಾದಾಗಿನಿಂದ ಅಲ್ಲಿನ ಸೊಳ್ಳೆಗಳಿಗೆ ರಕ್ತದಾನ ಮಾಡುತ್ತಲೇ ಬಂದವನು ನಾನು. “ನಾಳೆ ಬರತೀನ್ರೀ” ಎಂದು ಫೋನ್ ಮಾಡಿದೆ, ಯಾಕೆಂದು ಹೇಳಲಿಲ್ಲ. ಕೆಟ್ಟದ್ದು ಅಲ್ಲೇ.

ಆ ಕಡೆ ಅಳಿಯ ಬರುತ್ತಾನೆಂದರೆ ಹಬ್ಬ. ಬಳ್ಳಾರಿಯಿಂದ ಹೋಗಿ ಅಲ್ಲೇ ಹಣ್ಣಾದ ಅತ್ತೆ ಬಾಗಿಲಲ್ಲೇ ಸಂಭ್ರಮಪಟ್ಟರು: “ಅಲ್ಲುಡುಗಾರೂ, ನೀವು ಬರ್ತೀರಂತ ತೊಟ್ಟಿ ಎಲ್ಲಾ ಉಜ್ಜಿ ತೊಳೆಸಿದ್ವಂಡಿ. ಒಂದು ಹುಳ ಇಲ್ಲ!”

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. “ನನಗ ಹುಳಾನ ಬೇಕಾಗಿದ್ವು ಅತ್ತಿ!”

“ನಮ್ಮ ಮನೇಲಿ ಸೊಳ್ಳೆನಾ? ಯಾರಂಡಿ ಹೇಳಿದ್ದು?” ಅತ್ತೆಯ ಮುಖ ಊದಿತು.

ಅಕ್ಕಪಕ್ಕದ ಮನೆಗಳಿಗೆ ಹೋದೆ. ಸೊಳ್ಳೆ ಕೆಲಸದ ಅಳಿಯ ಬರುತ್ತಿದ್ದಾನೆಂಬ ಸುದ್ದಿ ನನಗಿಂತ ಮೊದಲೇ ಮುಟ್ಟಿ, ಬೀದಿಗೆ ಬೀದಿಯೇ ತೊಟ್ಟಿ ಬರಿದು ಮಾಡಿಕೊಂಡು ನಗುತ್ತ ನಿಂತಿತ್ತು. ಯಾವ ಔಷಧಕ್ಕೂ ಬಗ್ಗದ ಸಂತತಿ ಒಬ್ಬ ಅಳಿಯನ ಮರ್ಯಾದೆಗೆ ನಿರ್ನಾಮವಾಗಿತ್ತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಅತ್ತೆ ಬಡಿಸಿದ ಪುಳಿಹೋರದ, ಅಂದರೆ ನಮ್ಮ ಪುಳಿಯೋಗರೆಯ, ಮುಂದೆ ಜೋಲುಮುಖ ಹಾಕಿ ಕೂತಿದ್ದಾಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಯಿಂದ ಹೆಂಡತಿಯ ಫೋನ್. “ಏಮಂಡಿ, ನಲ್ಲೀಲಿ ಹುಳ ಬರ್ತಿದಾವೆ! ಮೇಲಿನ ಟ್ಯಾಂಕಿಗೆ ಮುಚ್ಚಳ ಹಾಕ್ಸಿ ಅಂತ ಎಷ್ಟು ಸಲ ಹೇಳಿಲ್ಲ?” ಹಿಂದೆಯೇ ಫೋಟೊ ಬಂತು. ಬೇರೆ ಸೊಳ್ಳೆಯ ಮರಿಗಳಂತೆ ತಲೆಕೆಳಗಾಗಿ ತೂಗದೆ ಬಕೆಟ್ಟಿನ ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು, ಅಸಲಿ ಮಲೇರಿಯಾ ಸೊಳ್ಳೆಯ ಮರಿಗಳು.

“ತೊಳಸಬ್ಯಾಡ! ಒಂದನ್ನೂ ಚೆಲ್ಲಬ್ಯಾಡ, ನಾ ಬಂದೆ!” ಎಂದು ಮನೆ ಹಾರಿಹೋಗುವಂತೆ ಕೂಗಿ ಎದ್ದೆ.

ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ ನನ್ನ ಚೀಲಕ್ಕೆ ಉಪ್ಪಿನಕಾಯಿ ಇಡುತ್ತ ತಣ್ಣಗೆ ಹೇಳಿದರು: “ಸಂಕ್ರಾಂತಿಗೆ ನಿಮ್ಮಲ್ಲಿಗೆ ಬರ್ತೀವಲ್ಲ, ಪರವಾಗಿಲ್ಲಂಡಿ, ಸೊಳ್ಳೆಪರದೆ ನಾವೇ ತರ್ತೀವಿ.”

ಸೊಳ್ಳೆ ಕೊಲ್ಲಲೆಂದೇ ಸಂಬಳ ತಿನ್ನುವ ನಾನು, “ದೊಡ್ಡದೇ ತರ್ರಿ, ನಾವೂ ಮಲಗತೀವಿ” ಎಂದೆ.