ಕೊಳದ ಗುಳಿಗೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತವನಿಗೆ ಮನುಷ್ಯಜಾತಿಯ ಮೇಲೆ ಬೇಸರ ಬಂದರೆ ಅವನನ್ನು ದೂರಬೇಡಿ. ಬೆಳಗಿನಿಂದ ಸಂಜೆಯವರೆಗೆ ಅದೇ: ಬಸ್ಸು ಯಾವಾಗ, ಎಲ್ಲಿ ನಿಲ್ಲುತ್ತೆ, ಯಾಕಿನ್ನೂ ಬಂದಿಲ್ಲ. ಮನೆಗೆ ಬಂದರೆ ಹೆಂಡತಿ: ಯಾಕೆ ತಡ, ಕೊಡೆ ಎಲ್ಲಿ, ಮುಖ ಯಾಕೆ ಹಾಗಿದೆ? (ಮುಖ ಹುಟ್ಟಿದಾಗಿನಿಂದಲೂ ಹಾಗೆಯೇ ಇತ್ತು.)

ಪಾಪ, ಈ ಗುಮಾಸ್ತನಿಗಿದ್ದ ಸುಖವೆಂದರೆ ರಜೆಯ ಮಧ್ಯಾಹ್ನದ ಕನಸೊಂದೇ. ಊಟ ಮುಗಿಸಿ ಮಂಚದ ಮೇಲೆ ಒರಗಿದರೆ ಸಾಕು, ಹಸಿರು ಹೊದ್ದ ಕೊಳವೊಂದು ಮೆಲ್ಲಗೆ ಬಂದು ಅವನನ್ನು ಎತ್ತಿಕೊಳ್ಳುತ್ತಿತ್ತು. ಅಂಗಾತ ತೇಲುತ್ತಿದ್ದ. ಬೆರಳ ಸಂದಿಯಲ್ಲಿ ಕಾಳಿನಷ್ಟು ಚಿಕ್ಕ ಎಲೆಗಳು, ಮೇಲೆ ಆತುರವಿಲ್ಲದ ಮೋಡ. ಏನನ್ನೂ ಕೇಳುವವರು ಯಾರೂ ಇಲ್ಲ.

ತೊಂದರೆ ಏನೆಂದರೆ, ಅಲ್ಲಿ ತೇಲುವಾಗ ಅವನ ಕಟ್ಟಿದ ಮೂಗು ಇಲ್ಲಿ ಗೊರಕೆ ಹೊಡೆಯುತ್ತಿತ್ತು. ಶೆಲ್ಫಿನ ಲೋಟಗಳು ಒಂದನ್ನೊಂದು ಮಾತಾಡಿಸುವಂಥ ಘನಗಂಭೀರ ಗೊರಕೆ. ಹೆಂಡತಿ ಒಂದು ದಿನ ರಟ್ಟೆ ಹಿಡಿದು ಹೋಮಿಯೋಪಥಿ ಡಾಕ್ಟರ ಬಳಿ ಎಳೆದೊಯ್ದಳು.

ಡಾಕ್ಟರು ಮೂಗಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ, "ಕನಸು ಎಂಥದ್ದು ಬೀಳುತ್ತೆ?" ಎಂದರು.

ಇಲ್ಲೂ ಪ್ರಶ್ನೆಯೇ. ಆದರೂ ಕೊಳದ ಮಾತಲ್ಲವೇ, ಅವನು ಮೈಮರೆತು ಎಲ್ಲ ಹೇಳಿಬಿಟ್ಟ.

"ಜೊತೇಲಿ ಯಾರಿರ್ತಾರೆ?"

"ಯಾರೂ ಇಲ್ಲ ಡಾಕ್ಟ್ರೇ. ಅದೇ ಚೆಂದ."

"ನಾನು?" ಎಂದಳು ಹೆಂಡತಿ.

ಅವನು ಗೋಡೆಯ ಗಡಿಯಾರ ನೋಡಿದ.

ಡಾಕ್ಟರಿಗೆ ಮಾತ್ರ ಖುಷಿಯೋ ಖುಷಿ. "ಲೆಮ್ನಾ ಮೈನರ್ ಅಂತ. ಕೊಳದ ಮೇಲೆ ತೇಲೋ ಪುಟ್ಟ ಗಿಡದ ಔಷಧಿ. ಬಾತುಕೋಳಿ ತಿನ್ನುತ್ತಲ್ಲ, ಅದೇ. ತಗೊಂಡ್ರೆ ನಿಮ್ಮ ಗೊರಕೆ, ಕನಸು ಎರಡೂ ಹೋಗುತ್ತೆ. ಈ ಕಾಯಿಲೆ ಇಲ್ಲದೋರು ತಿಂದ್ರೆ ಎರಡೂ ಬರುತ್ತೆ. ನಮ್ಮ ಶಾಸ್ತ್ರ ಇರೋದೇ ಹಾಗೆ."

"ಮೊದಲು ಆ ಕನಸು ಹೋಗ್ಲಿ," ಎಂದಳು ಹೆಂಡತಿ.

ಗುಮಾಸ್ತ ಚಿಂತೆಗೆ ಬಿದ್ದ. ಗೊರಕೆ ಹೋದರೆ ಹೋಗಲಿ, ಅದನ್ನು ಅವನು ಒಂದು ದಿನವೂ ಕೇಳಿದವನಲ್ಲ. ಕೊಳವಿಲ್ಲದೆ ಬದುಕುವುದು ಹೇಗೆ? ಗುಳಿಗೆ ಎಸೆಯೋಣವೆಂದರೆ ಆಕೆ ಕಸದಬುಟ್ಟಿಯನ್ನೂ ವಿಚಾರಿಸುವವಳು. ಕೊನೆಗೊಂದು ದಿವ್ಯ ಉಪಾಯ ಹೊಳೆಯಿತು. ದಿನವೂ ತನ್ನ ಪಾಲಿನ ಬಿಳಿ ಗುಳಿಗೆಗಳನ್ನು ಸಕ್ಕರೆ ಡಬ್ಬಿಗೆ ಹಾಕಿ ಕಲಸತೊಡಗಿದ. ಅವನು ಕುಡಿಯುವುದು ಸಕ್ಕರೆಯಿಲ್ಲದ ಟೀ. ಆಕೆಯ ಟೀ ಎಂದರೆ ಟೀ ಬೆರೆಸಿದ ಸಕ್ಕರೆ. ಡಾಕ್ಟರ ಶಾಸ್ತ್ರದ ಎರಡನೆಯ ಭಾಗ ಆ ಮಹಾನುಭಾವನಿಗೆ ನೆನಪಾಗಲೇ ಇಲ್ಲ.

ಮುಂದಿನ ರಜೆಯ ಮಧ್ಯಾಹ್ನ ಮಲಗಿದ. ಪರದೆ ಮೆಲ್ಲಗೆ ಉಸಿರಾಡುತ್ತಿತ್ತು. ಕೊಳ ಬಂತು, ಹಿಮ್ಮಡಿ ತಣ್ಣಗಾಯಿತು. ಅಷ್ಟರಲ್ಲಿ ಶೆಲ್ಫಿನ ಲೋಟಗಳು ಹಳೆಯ ಪರಿಚಯದ ಮೇಲೆ ಮಾತು ಶುರುಮಾಡಿದವು. ಎಚ್ಚರವಾಗಿ ನೋಡುತ್ತಾನೆ, ಪಕ್ಕದಲ್ಲಿ ಹೆಂಡತಿಯ ಗೊರಕೆ. ಕಿವಿಯ ಮೇಲೆ ದಿಂಬು ಒತ್ತಿಕೊಂಡರೂ ಕೊಳ ತಿರುಗಿ ಬರಲಿಲ್ಲ. ನಿದ್ದೆಯಲ್ಲಿ ಆಕೆ ನಗುತ್ತಿದ್ದಳು. ಅಷ್ಟು ಹಗುರಾದ ಮುಖವನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಪ್ರೀತಿಯೂ ಬಂತು, ಹೊಟ್ಟೆಕಿಚ್ಚೂ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. "ರೀ, ಎಂಥಾ ಕನಸು ಗೊತ್ತಾ. ಒಂದು ಹಸಿರು ಕೊಳ. ಸುಮ್ನೆ ತೇಲ್ತಾ ಇದ್ದೆ."

"ನಾನು ಇದ್ದೆನಾ?"

"ಇದ್ರಿ."

ಅವನು ಎದ್ದು ಕೂತ. ತನ್ನ ಕೊಳದಲ್ಲಿ ಈಕೆಗೆ ಜಾಗವೇ ಇರಲಿಲ್ಲ. ಈಕೆಯದರಲ್ಲಿ ತಾನಿದ್ದೇನೆ. "ಎಲ್ಲಿದ್ದೆ? ಪಕ್ಕದಲ್ಲಾ? ಕೈ ಹಿಡ್ಕೊಂಡಿದ್ದೆನಾ?"

"ದಡದಲ್ಲಿದ್ರಿ. ಯಾವಾಗ ಬರ್ತೀಯ, ಟೀ ಎಲ್ಲಿ, ಟವೆಲ್ ಎಲ್ಲಿ ಅಂತ ಕೇಳ್ತಾನೇ ಇದ್ರಿ." ಆಕೆ ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚಿದಳು. "ಸದ್ಯ, ಕಿವಿಗೆ ನೀರು ಹೋಗಿತ್ತು."