ಅತ್ತೆ ತಿದ್ದಿದ ದೆವ್ವ

ಬೆಳಗಾವಿ ಜಿಲ್ಲೆಯ ಸಮಸ್ತ ದೆವ್ವಗಳು ಒಂದಾಗಿ ಯಾರ ಮೇಲಾದರೂ ದೂರು ಕೊಡುವುದಾದರೆ, ಅದು ನಮ್ಮ ಸೋದರತ್ತೆಯ ಮೇಲೆಯೇ! ಅವುಗಳ ಹೊಟ್ಟೆಯ ಮೇಲೆ ಇಷ್ಟು ನಿಷ್ಕರುಣೆಯಿಂದ ಹೊಡೆದವರು ಬೇರೆ ಯಾರಿದ್ದಾರೆ?

ಖಾನಾಪುರದ ಈ ಅತ್ತೆ ಹಿಂದವಾಡಿಯ ನಮ್ಮ ಮನೆಗೆ ಬಂದ ದಿನವೇ, ಏಳನೆಯ ತರಗತಿಯ ನನ್ನ ಮಗಳು ಶಾಲೆಯ ಪತ್ರಿಕೆಗೆ ದೆವ್ವದ ಕಥೆ ಬರೆಯುತ್ತ ಕುಳಿತಿದ್ದಳು. ಮರುದಿನವೇ ಕೊಡಬೇಕು. ಹಿಂದಿನ ವರ್ಷ ಅವಳ ದೆವ್ವವನ್ನು ಓದಿ ಇಡೀ ತರಗತಿ ನಕ್ಕಿತ್ತು. ಈ ಸಲ ಒಬ್ಬರಾದರೂ ಹೆದರಲೇಬೇಕೆಂದು ಪಣ ತೊಟ್ಟಿದ್ದಳು. ಶಾಸ್ತ್ರೋಕ್ತ ಸಾಮಗ್ರಿಯೆಲ್ಲ ಸಿದ್ಧವಿತ್ತು: ಖಾನಾಪುರದ ಕಾಡಿನ ಪಾಳುಬಂಗಲೆ, ಕಿರುಗುಟ್ಟುವ ಬಾಗಿಲು, ಬಿಳಿ ಸೀರೆ, ಹಿಂದುಮುಂದಾದ ಪಾದ, ಮೂವರು ಧೀರ ಬಾಲಕಿಯರು.

“ಓದು ನೋಡೂಣು,” ಎಂದರು ಅತ್ತೆ. ಕೆಟ್ಟದ್ದು ಅಲ್ಲಿಯೇ.

“ಹುಡುಗ್ಯಾರು ಮನ್ಯಾಗ ಹೇಳಿ ಹೋಗ್ಯಾರಿಲ್ಲೋ?”

“ಹೇಳಿದ್ರ ಯಾರ್ ಬಿಡ್ತಾರ ಅಜ್ಜಿ?”

“ಹಂಗಾರ ಜೋಡಿ ಒಬ್ಬಾಕಿ ಅತ್ತೀನ್ನ ಕಳಸು.”

ಬುತ್ತಿ ಸಮೇತ ಕಥೆಯೊಳಗೆ ಅತ್ತೆಯೊಬ್ಬಳು ಸೇರಿದಳು! ಬಾಗಿಲಿಗೆ ಎಣ್ಣೆ ಬಿತ್ತು. ಇನ್ನು ಸೀರೆ.

“ಖಾನಾಪುರದ ಮಳ್ಯಾಗ ಬಿಳಿ ಸೀರಿ? ರಾಡಿ ಆದ್ರ ಒಗಿಯೋರು ಯಾರು, ನಿಮ್ಮಪ್ಪನ?”

ದೆವ್ವ ಗತ್ಯಂತರವಿಲ್ಲದೆ ಕಂದು ಸೀರೆ ಉಟ್ಟಿತು. ಪಾದದ ವಿಷಯದಲ್ಲಿ ಅತ್ತೆಗೆ ನಿಜವಾಗಿಯೂ ಮರುಕ. “ಪಾಪ, ಎಲಬಿನ ಡಾಕ್ಟರಿಗೆ ತೋರಿಸಿದ್ಲೇನ?”

ಮಗಳ ಕಣ್ಣು ತುಂಬಿದವು. ನಾನು ರಣರಂಗಕ್ಕಿಳಿದೆ.

“ಅತ್ತಿ, ಅದು ಹೆದರಸೋ ಕಥಿರೀ! ದವಾಖಾನಿ ಚೀಟಿ ಅಲ್ಲ!”

“ನೀ ಸುಮ್ನ ಕುಂದರೋ.”

ಕುಳಿತೆ. ಹುಟ್ಟಿದಾಗಿನಿಂದ ಅದನ್ನೇ ಮಾಡುತ್ತ ಬಂದಿದ್ದೇನೆ.

ಕಡೆಗೆ ಮಗಳು ಮೂಗೊರೆಸಿಕೊಳ್ಳುತ್ತ ಮುಕ್ತಾಯ ಓದಿದಳು: ಮಂತ್ರವಾದಿ ಬರುತ್ತಾನೆ, ಬೇವಿನ ಸೊಪ್ಪಿನಿಂದ ಬಡಿಯುತ್ತಾನೆ, ದೆವ್ವ ಅಳುತ್ತ ಓಡಿಹೋಗುತ್ತದೆ. ಈ ಮಂತ್ರವಾದಿಗೆ ಇನ್ನೇನು ಗತಿ ಕಾದಿದೆಯೋ ಎಂದು ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗಿನ ಅಂಚು ಕೈಗೆತ್ತಿಕೊಂಡರು.

“ಓಡಸಬ್ಯಾಡವ್ವಾ.”

“ಓಡಸದಿದ್ರ ಕಥಿ ಹೆಂಗ ಮುಗೀತೈತಿ?” ಮಗಳು ರೇಗಿದಳು.

ಅತ್ತೆಯ ಗಂಡ, ನಮ್ಮ ಮಾವ, ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

“ನಿಮ್ಮಜ್ಜ ಲಿಂಗೈಕ್ಯ ಆದ್ರು. ಲಿಂಗದಾಗ ಕೂಡಿದವರು ದೆವ್ವಾಗಿನೂ ಹೊಳ್ಳಿ ಬರೂ ಹಂಗಿಲ್ಲ,” ಎಂದರು ಅತ್ತೆ, ಸೆರಗಿನ ಅಂಚು ತಿರುವುತ್ತ. “ಬಂದಾಕಿನ್ನಾದ್ರೂ ಕುಂದ್ರಾಕ ಬಿಡು.”

ಮಗಳು ಮಂತ್ರವಾದಿಯ ಮೇಲೆ ಉದ್ದಕ್ಕೂ ಗೆರೆ ಎಳೆದಳು. ಆಮೇಲೆ ಅತ್ತೆಯ ಹತ್ತಿರಕ್ಕೆ ಸರಿದು ಮೆಲ್ಲಗೆ ಕೇಳಿದಳು:

“ಕುಂತ ಮ್ಯಾಲೆ ಏನ್ ಮಾತಾಡ್ತಾಳ ಅಜ್ಜಿ?”