ಬಣ್ಣವಿಲ್ಲದ ಜಿಂಬಾಬ್ವೆ

ಹೊಗೆಸೊಪ್ಪಿನ ಬೇಸಾಯ ನೋಡಿಕೊಂಡು ಬರಲೆಂದು ಮುದ್ದನಕೊಪ್ಪಲಿನ ಬೆಳೆಗಾರರ ಸಂಘದಿಂದ ಒಂಬತ್ತು ಜನ ಜಿಂಬಾಬ್ವೆಗೆ ಹೋದರು. ಅವರಲ್ಲಿ ಎಂಟು ಜನ ಹೊಗೆಸೊಪ್ಪು ನೋಡಲಿಲ್ಲ.

ನೋಡಿದವನು ಚಲುವಯ್ಯ ಒಬ್ಬ. ಎರಡೆಕರೆ ಹೊಲ, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು, ಇಷ್ಟೇ ಅವನ ಆಸ್ತಿ. ಪ್ರವಾಸದಲ್ಲಿ ಒಬ್ಬನಾದರೂ ಸಣ್ಣ ರೈತ ಇರಬೇಕು ಎಂದು ಮೇಲಿನಿಂದ ಆದೇಶ ಬಂದಿದ್ದರಿಂದ, ಮದುವೆಯೂಟದ ಎಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಅವನನ್ನು ಸೇರಿಸಿಕೊಂಡಿದ್ದರು. ಉಳಿದ ಎಂಟೂ ಜನ ಸಂಘದ ನಿರ್ದೇಶಕರು. ಅವರ ಯಜಮಾನರು ಅಧ್ಯಕ್ಷ ಸಿದ್ದಯ್ಯನವರು.

ವಿಮಾನ ಹತ್ತುವ ಮೊದಲೇ ಸಿದ್ದಯ್ಯನವರು, "ಕಳ್ದುಗಿಳ್ದು ಓದಾತು, ತತ್ತಾ ಇಲ್ಲಿ" ಎಂದು ಚಲುವಯ್ಯನ ಫೋನನ್ನು ಈಸಿಕೊಂಡು ತಮ್ಮ ಜೇಬಿಗೆ ಇಳಿಸಿದರು. ಆ ದೇಶದ ಹೆಸರುವಾಸಿ ಜಲಪಾತದ ಮುಂದೆ ನಿರ್ದೇಶಕ ಮಂಡಲಿ ಯಾವ ಬಾಟಲಿ ಹಿಡಿದು ಯಾವ ಕುಣಿತ ಕುಣಿಯಿತು ಎಂಬುದು ಊರಿನ ವಾಟ್ಸಾಪಿಗೆ ಬರಬಾರದಲ್ಲ. ಅಲ್ಲಿಗೆ ಹೋದ ಮೇಲೆ ಅವನನ್ನು ಒಂದು ಹೊಗೆಸೊಪ್ಪಿನ ಎಸ್ಟೇಟಿನ ಗೇಟಿನಲ್ಲಿ ಇಳಿಸಿ, "ನೋಡ್ತಾ ಇರು, ಇಂಗೋಗಿ ಅಂಗೆ ಬತ್ತೀವಿ" ಎಂದು ಬಸ್ಸು ಬಿಟ್ಟವರು ಮೂರು ದಿನ ಪತ್ತೆಯಿರಲಿಲ್ಲ.

ಆದರೆ ಚಲುವಯ್ಯನ ಚೀಲದಲ್ಲಿ ಒಂದು ರೀಲು ಕ್ಯಾಮೆರಾ ಇತ್ತು. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಶಿವಶಂಕರ್ ಹೊರಡುವ ಹಿಂದಿನ ದಿನ ಬೀರುವಿನಿಂದ ತೆಗೆದು ಧೂಳು ಊದಿ ಕೊಟ್ಟದ್ದು. "ಕಲರ್ ರೀಲು ಇಲ್ಲ ಕಣ್ಲಾ. ಕಪ್ಪುಬಿಳುಪು ಒಂದಿತ್ತು, ಹಾಕಿವ್ನಿ. ಮೂವತ್ತಾರೇ ಬರೋದು. ಬಡವರ ಮನೆ ಮದ್ವೇಲಿ ಒಬ್ಬಟ್ಟು ಬಡಿಸ್ದಂಗೆ ನೋಡ್ಕಂಡು ಒಡಿ" ಎಂದಿದ್ದ.

ಚಲುವಯ್ಯ ಹಾಗೆಯೇ ಬಡಿಸಿದ. ಬೇಲಿಯಾಚೆ ಜಿರಾಫೆಯೊಂದು ತೆಂಗಿನ ಮರದಷ್ಟು ಕತ್ತು ಚಾಚಿ ಇವನನ್ನೇ ನೋಡುತ್ತಾ ನಿಂತಿತ್ತು, ಹೊಡೆಯಲಿಲ್ಲ. ಜಿರಾಫೆ ತಗೊಂಡು ಏನು, ಬ್ಯಾರನ್ನಿಗೆ ತುಂಬುವುದೆ? ಅವನು ಹೊಡೆದದ್ದು ಸಸಿಮಡಿ, ಸಾಲು, ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನ ಒಲೆಬಾಯಿ. ಆ ಒಲೆ ನಮ್ಮದರ ಅರ್ಧ ಸೌದೆ ಮಾತ್ರ ತಿನ್ನುತ್ತಿತ್ತು. ಅದನ್ನು ಸುತ್ತು ಬಂದು ನಾಲ್ಕು ಹೊಡೆದ. ಜನರ ಮುಖ ಮಾತ್ರ ಒಂದೂ ಹೊಡೆಯಲಿಲ್ಲ. ಕೆಲಸದ ಹೆಣ್ಣುಮಕ್ಕಳ ಮುಖಕ್ಕೆ ಪರದೇಶದವನು ಬಂದು ಕ್ಯಾಮೆರಾ ಹಿಡಿಯುವುದೆ? ನಮ್ಮ ಕಡೆ ಹಾಗೆ ಹಿಡಿದವನನ್ನು ಲೈಟುಕಂಬಕ್ಕೆ ಕಟ್ಟುತ್ತಾರೆ. ಅವನು ಮರ್ಯಾದಸ್ಥ, ಬೆನ್ನು, ಕೈ, ತಲೆಗೆ ಕಟ್ಟಿದ ವಸ್ತ್ರ, ಇಷ್ಟನ್ನೇ ಹೊಡೆದುಕೊಂಡು ಬಂದ. ಆ ಮರ್ಯಾದೆಯೇ ಅವನಿಗೆ ಮುಳುವಾಯಿತು.

ರೀಲು ತೊಳೆಯುವ ಕೆಮಿಕಲ್ಲು ಮೈಸೂರಿನಲ್ಲೂ ಸಿಗದೆ, ಎಲ್ಲಿಂದಲೋ ತರಿಸಿ, ಶಿವಶಂಕರ್ ತನ್ನ ಬಚ್ಚಲುಮನೆಯಲ್ಲಿ ಫೋಟೋ ತೊಳೆದುಕೊಟ್ಟಾಗ ಪ್ರವಾಸ ಮುಗಿದು ಐದು ತಿಂಗಳಾಗಿತ್ತು. ಇಲ್ಲಿಯೂ ಸೊಪ್ಪು ಕೊಯ್ಲಿಗೆ ಬಂದಿತ್ತು. ಮಾರನೆಯ ದಿನವೇ ಮೇಲಿನ ಇಲಾಖೆಯಿಂದ ರೂಪಶ್ರೀ ಮೇಡಂ ಎಂಬ ಅಧಿಕಾರಿ ಸಂಘಕ್ಕೆ ಬಂದು, ಜಿಂಬಾಬ್ವೆಯಲ್ಲಿ ಯಾರು ಏನು ನೋಡಿದರು ಎಂದು ಫೋಟೋ ಸಮೇತ ವಿಚಾರಿಸುವವರಿದ್ದರು. ಏನೂ ನೋಡದೆ ಬಂದವರ ಸದಸ್ಯತ್ವ ರದ್ದು. ಸದಸ್ಯತ್ವ ಹೋದರೆ ಸಂಘದ ಸೌದೆ ಇಲ್ಲ. ಸೌದೆ ಇಲ್ಲದಿದ್ದರೆ ಚಲುವಯ್ಯನ ಹೊಲದಲ್ಲಿ ಹಳದಿ ತಿರುಗಿ ನಿಂತಿರುವ ಸೊಪ್ಪು ಗಿಡದಲ್ಲೇ ಒಣಗಬೇಕು.

"ನಂಗೇನ್ ಭಯ? ನೋಡಿರೋನು ನಾನೊಬ್ಬನೇ" ಎಂದು ಬೆಳಿಗ್ಗೆ ಅವನು ಫೋಟೋಗಳನ್ನು ಜಗಲಿಯ ಮೇಲೆ ಹರಡಿದ.

ಹೆಂಡತಿ ವಿಮಲಮ್ಮ ಕಸಬರಿಗೆ ಹಿಡಿದೇ ಬಗ್ಗಿ ನೋಡಿದಳು. ಒಂದೊಂದನ್ನೂ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಅಲ್ಲಾ ಕಣ್ರೀ, ಇದು ನಮ್ ಬ್ಯಾರನ್ನಲ್ವಾ?"

"ಜಿಂಬಾಬ್ವೆ ಕಣೇ!"

"ಗೋಡೆ ಬಿರುಕು ಬುಟ್ಟೈತೆ ನೋಡಿ. ಮಳೆಗಾಲಕ್ಕೆ ಮೊದ್ಲು ಮೆತ್ತಿಸ್ರಿ ಅಂತ ಬಡ್ಕಂಡೆ."

"ಅಲ್ಲಿ ಗೋಡೇನೂ ಬಿರುಕು ಬುಡ್ತದೆ!"

"ಅದುಕ್ಕೆ ಇಮಾನ್ದಲ್ಲಿ ಓಗಿದ್ರಾ?" ಎಂದು ಅವಳು ಕಸ ಗುಡಿಸಲು ಹೋದಳು.

ಚಲುವಯ್ಯ ಫೋಟೋಗಳನ್ನು ಕವರಿಗೆ ತುಂಬಿಕೊಂಡು ಬಸ್‌ಸ್ಟಾಪಿನ ಟೀ ಅಂಗಡಿಗೆ ಬಂದ. ಅಲ್ಲಿ ನಾಲ್ಕು ಜನಕ್ಕೆ ತೋರಿಸಿ ಧೈರ್ಯ ತೆಗೆದುಕೊಳ್ಳೋಣ ಎಂಬ ದುರ್ಬುದ್ಧಿ. ಕವರು ಬಿಚ್ಚಿದ್ದೇ ತಡ, ಸತ್ತ ಹಲ್ಲಿಗೆ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡರು.

"ಇದು ಆರನಳ್ಳಿ ರೋಡ್ನಲ್ಲಿರೋ ಒಲ ಕಣ್ಲಾ."

"ಏಯ್, ಈ ನಾಯಿ ನಂದು! ಬಾಲ ನೋಡು, ಮೊಂಡ!"

"ಜಿಂಬಾಬ್ವೆ ನಾಯಿ ಕಣ್ರಪ್ಪಾ" ಎಂದ ಚಲುವಯ್ಯ.

"ಅಂಗಾರೆ ಸಿಂಹ ಎಲ್ಲಿ? ಆನೆ ಎಲ್ಲಿ? ಆಪ್ರಿಕಾಕ್ಕೆ ಓದೋನು ಮೊಂಡುಬಾಲದ ನಾಯಿ ತಕಬತ್ತಾನಾ?"

ಚಲುವಯ್ಯನಿಗೆ ಒಂದು ಫೋಟೋ ಹೊಳೆಯಿತು. ಬ್ಯಾರನ್ನಿನ ಮೇಲೆ ಕುಳಿತ ಕಾಗೆ. "ನೋಡಿ, ನೋಡಿ! ಆ ದೇಶದ ಕಾಗೆಗೆ ಎದೆ ಬೆಳ್ಳಗಿರ್ತದೆ. ಇಂಥ ಕಾಗೆ ನಮ್ಮಲ್ಲಿ ಐತಾ?"

ಎಲ್ಲರೂ ಕಾಗೆಯನ್ನು ಗಂಭೀರವಾಗಿ ನೋಡಿದರು. ಟೀ ಅಂಗಡಿಯವನು ಕನ್ನಡಕ ಹಾಕಿಕೊಂಡು ನೋಡಿ ತೀರ್ಪು ಕೊಟ್ಟ: "ರೀಲು ಕೆಟ್ಟೋಗೈತೆ. ತೊಳ್ಯೋವಾಗ ಬಣ್ಣ ಓಗ್ಬುಟ್ಟೈತೆ ಬುಡು."

ಅಷ್ಟರಲ್ಲಿ ಮರಿಯಯ್ಯ ಎಂಬವನು ಒಂದು ಫೋಟೋ ಕಿತ್ತುಕೊಂಡು ಕೂಗಿದ: "ಸಿಕ್ತು! ಮರ ಎಲ್ಲೈತೆ ನೋಡ್ರಿ! ಬದ ಎಲ್ಲೈತೆ ನೋಡ್ರಿ! ಮರ ನನ್ ಕಡೆ ಐತೆ!" ಅವನಿಗೂ ಅವನ ತಮ್ಮನಿಗೂ ಬದುವಿನ ಮೇಲಿನ ಆಲದ ಮರಕ್ಕಾಗಿ ಬಹುಕಾಲದಿಂದ ಜಗಳ. ತಮ್ಮ ಅಲ್ಲೇ ಬೋಂಡಾ ತಿನ್ನುತ್ತಿದ್ದ. ಬೋಂಡಾ ಬಿಟ್ಟು ಬಂದ. "ಲೇ, ಪೋಟೋ ತಿರ್ಗಾಮುರ್ಗಾ ಇಡ್ಕಂಡಿದ್ದೀಯ, ಮರ ನನ್ ಕಡೆ!"

"ಅಣ್ಣಾ, ಅದು ಜಿಂಬಾಬ್ವೆ ಮರ..." ಎಂದು ಚಲುವಯ್ಯ ನಡುವೆ ಹೋದ. ಇಬ್ಬರೂ ಒಟ್ಟಿಗೆ ಅವನ ಮೇಲೆ ತಿರುಗಿದರು. "ಯಾರತ್ರ ಕಾಸ್ ಈಸ್ಕಂಡು ಇಂಗೆ ಏಳ್ತಿದ್ದೀಯ?" ಎಂದು ಅಣ್ಣ ಕುತ್ತಿಗೆಪಟ್ಟಿ ಹಿಡಿದ. "ನಮ್ಮಪ್ಪನ ಮರಾನ ಜಿಂಬಾಬ್ವೆಗೆ ಮಾರಕ್ ಬಂದಿದ್ದೀಯಾ?" ಎಂದು ತಮ್ಮ ಇನ್ನೊಂದು ಪಟ್ಟಿ ಹಿಡಿದ. ಬಹುಕಾಲದ ಮೇಲೆ ಅಣ್ಣತಮ್ಮಂದಿರು ಒಂದಾದದ್ದು ಆ ದಿನ. ಚಲುವಯ್ಯ ಮೇಲಿನ ಎರಡು ಗುಂಡಿ ಕಳೆದುಕೊಂಡು ಸಂಘದ ಕಡೆ ಓಡಿದ.

ಸಂಘದಲ್ಲಿ ರೂಪಶ್ರೀ ಮೇಡಂ ಆಗಲೇ ಬಂದು ಕುಳಿತಿದ್ದರು. ಗೋಡೆಯ ಮೇಲೆ ನಿರ್ದೇಶಕರ ಫೋಟೋ ಪ್ರೊಜೆಕ್ಟರಿನಲ್ಲಿ ಮಿನುಗುತ್ತಿತ್ತು. ಯಾವುದೋ ಹೊಗೆಸೊಪ್ಪಿನ ಹರಾಜು ಕಟ್ಟೆಯ ಗೇಟು, ಮುಂದೆ ಎಂಟು ಜನ, ಎಂಟು ಹ್ಯಾಟು, ಎಂಟು ಕಪ್ಪು ಕನ್ನಡಕ. ಜಲಪಾತಕ್ಕೆ ಹೋಗುವಾಗ ಬಸ್ಸು ಪಂಕ್ಚರಾಗಿ ನಿಂತ ಜಾಗ ಅದು. ಆದರೆ ಫೋಟೋದ ಕೆಳಗೆ ದೇಶ, ಊರು, ತಾರೀಕು, ಅಕ್ಷಾಂಶ, ರೇಖಾಂಶ ಎಲ್ಲ ಮುದ್ರೆ ಒತ್ತಿದ ಹಾಗೆ ಬಂದಿತ್ತು.

"ಜಿಪಿಎಸ್ ಫೋಟೋ. ಪರ್ಫೆಕ್ಟ್" ಎಂದರು ಮೇಡಂ. "ಅಲ್ಲಿ ಏನೇನು ನೋಡಿದ್ರಿ, ಅಧ್ಯಕ್ಷರೆ?"

"ಅಭಿವೃದ್ಧಿ ನೋಡಿದ್ವಿ ಮೇಡಂ" ಎಂದರು ಸಿದ್ದಯ್ಯನವರು. ಉಳಿದ ಏಳು ಜನ ಗೋಣು ಆಡಿಸಿದರು.

"ಚಲುವಯ್ಯ ಅಂದ್ರೆ ಯಾರು? ನೀವು ಈ ಫೋಟೋದಲ್ಲಿ ಇಲ್ವಲ್ಲ?"

"ನಾನು ಒಲದಲ್ಲಿದ್ದೆ ಮೇಡಂ."

"ನಿಮ್ಮ ಫೋಟೋ ಕೊಡಿ. ಲೊಕೇಶನ್ ಎಲ್ಲಿ?"

"ಇದು ರೀಲು ಮೇಡಂ. ರೀಲ್ನಲ್ಲಿ ಅದೆಲ್ಲ ಬರಾಕಿಲ್ಲ. ಆದ್ರೆ ಈ ಒಲೆ ನೋಡಿ, ಅರ್ಧಕ್ಕರ್ಧ ಸೌದೆ ಉಳೀತದೆ. ನಮ್ ರೈತ್ರಿಗೆ..."

"ಒಲೆ ಆಮೇಲೆ. ಈ ಪ್ರಿಂಟ್ ಯಾವಾಗ ಹಾಕ್ಸಿದ್ದು?"

"ನಿನ್ನೆ."

"ನಿನ್ನೆ! ಊರೆಲ್ಲ ಕೊಯ್ಲು ನಡೀತಿರೋವಾಗ. ಚಲುವಯ್ಯನವರೇ, ಪಾಸ್‌ಪೋರ್ಟಿಗೆ ಸೀಲು ಬಿದ್ದಿದೆ, ನೀವು ಹೋಗಿದ್ದು ನಿಜ. ಆದ್ರೆ ಅಲ್ಲಿ ಏನೂ ನೋಡದೆ, ಮಜಾ ಮಾಡಿಕೊಂಡು ಬಂದು, ಈಗ ಇಲ್ಲಿನ ಯಾವುದೋ ಹೊಲದ ಫೋಟೋ ತೆಗೆದು ನಂಗೆ ತೋರಿಸ್ತಿದೀರಾ?"

ಎಂಟು ಜನ ಮಜಾಗಾರರು "ತ್ಚು ತ್ಚು" ಎಂದು ನೊಂದುಕೊಂಡರು. ಚಲುವಯ್ಯನ ಮುಖ ಬ್ಯಾರನ್ನಿಗೆ ತುಂಬಿದ ಎಲೆಯ ಹಾಗೆ ಮೊದಲು ಹಳದಿಯಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು.

ಸಂಘದ ಪಕ್ಕಕ್ಕೆ ಸಿದ್ದಯ್ಯನವರ ಶೆಡ್ಡು. ಅಲ್ಲಿ ಸೊಪ್ಪು ಕಟ್ಟುವ ಹೆಂಗಸರು ಗದ್ದಲ ಕೇಳಿ ಕಿಟಕಿಗೆ ಬಂದು ನಿಂತಿದ್ದರು. ಮೇಡಂ ಒಂದು ಫೋಟೋ ಎತ್ತಿ ಅವರ ಕಡೆ ತಿರುಗಿಸಿದರು. ಬಾಗಿದ ಬೆನ್ನು, ತಲೆಗೆ ಸುತ್ತಿದ ವಸ್ತ್ರ, ಸೊಪ್ಪಿನ ಅಂಟು ಹತ್ತಿ ಕಪ್ಪಾದ ಬರಿಗೈ, ಕೈಯಲ್ಲಿ ಕಡ್ಡಿ.

"ಇದು ಯಾವ ಊರು, ನೀವೇ ಹೇಳಿ."

ಸಾಕಮ್ಮ ಎಂಬ ಹಿರಿಯ ಕೂಲಿಯಾಳು ಕಿಟಕಿಯ ಸರಳಿಗೆ ಮುಖವೊತ್ತಿ ನೋಡಿದಳು. "ಅಯ್ ನನ್ ಶಿವ್ನೆ! ನಾನಲ್ವಾ ಇದು!"

"ನೀನೇ ಕಣಕ್ಕ! ಗೂನ್ ಬೆನ್ನು ನಿಂದೇಯ!" ಎಂದು ಉಳಿದವರು ನಕ್ಕರು.

ಅಷ್ಟು ಸಾಲದೆಂದು ಸಿದ್ದಯ್ಯನವರು ಎದ್ದು ನಿಂತರು. ಬಿದ್ದವನ ಮೇಲೆ ಒಂದು ಕಲ್ಲು ಹೇರುವ ಸುಖ ಬಿಡುವುದುಂಟೆ? "ಸಾಕಮ್ಮನೇ ಮೇಡಂ! ನನ್ ಶೆಡ್ಡಿನಾಳು. ಇಪ್ಪತ್ತು ವರ್ಷದಿಂದ ನಮ್ಮತ್ರಾನೇ ಅವ್ಳೆ. ಅವಳ ಬೆನ್ನು ನಂಗೊತ್ತಾಗಾಕಿಲ್ವಾ?"

ಮೇಡಂ ಪೆನ್ನು ಕೆಳಗಿಟ್ಟರು. "ನಿಮ್ಮ ಶೆಡ್ಡಾ? ಇಪ್ಪತ್ತು ವರ್ಷದಿಂದಲಾ? ನಿಮ್ಮಲ್ಲಿ ಕೂಲಿಯವರೇ ಇಲ್ಲ, ಮನೆಯವರೇ ಮಾಡ್ಕೋತಾರೆ ಅಂತ ಪ್ರತಿ ವರ್ಷ ಬರೆದುಕೊಡ್ತೀರಲ್ಲ, ಅಧ್ಯಕ್ಷರೆ? ಕೈಗೆ ಗ್ಲೌಸೂ ಇಲ್ಲ. ಒಂದು ಕೇಸಿಗೆ ಈ ಫೋಟೋನೇ ಸಾಕು."

ಸಿದ್ದಯ್ಯನವರು ಬಿಸಿಮುದ್ದೆ ನುಂಗಿದವರ ಹಾಗೆ ಕಣ್ಣುಕಣ್ಣು ಬಿಟ್ಟರು. ಆಮೇಲೆ ಫೋಟೋ ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಛೆ ಛೆ ಛೆ! ಇದು ಸಾಕಮ್ಮ ಅಲ್ಲ ಮೇಡಂ! ಇದು ಜಿಂಬಾಬ್ವೆ! ಪಕ್ಕಾ ಜಿಂಬಾಬ್ವೆ! ನಾನೇ ನಿಂತು ನೋಡಿವ್ನಿ. ಆ ಇನ್ನೊಂದು ಪೋಟೋದಲ್ಲಿ ಕಾಗೆ ನೋಡಿ ಬೇಕಾರೆ, ಎದೆ ಬೆಳ್ಳಗೈತೆ! ನಮ್ ಚಲುವಯ್ಯ ಅಂದ್ರೆ ಸತ್ಯ ಹರಿಶ್ಚಂದ್ರ ಮೇಡಂ!" ಏಳು ಜನ ನಿರ್ದೇಶಕರೂ ಎದ್ದು, ಒಬ್ಬರ ಮೇಲೊಬ್ಬರು ಬಿದ್ದು, ಜಿಂಬಾಬ್ವೆ ಜಿಂಬಾಬ್ವೆ ಎಂದು ಭಜನೆ ಹಿಡಿದರು.

ಚಲುವಯ್ಯನಿಗೆ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ತಾನು ಬಡಿದುಕೊಂಡ ಸತ್ಯವನ್ನು ಊರಿನ ಮಹಾ ಸುಳ್ಳುಗಾರ ಒಂದೇ ಉಸಿರಿನಲ್ಲಿ ಗೆಲ್ಲಿಸಿಬಿಟ್ಟಿದ್ದ. ಸೌದೆ ಬಂತು, ಸೊಪ್ಪು ಬೆಂದಿತು ಎಂದುಕೊಂಡ.

"ಆಯ್ತು" ಎಂದರು ಮೇಡಂ, ತಲೆ ಒತ್ತಿಕೊಳ್ಳುತ್ತಾ. "ಆಯಮ್ಮನೇ ಹೇಳ್ಲಿ. ಇದು ನಾನಲ್ಲ ಅಂತ ಅವರು ಅಂದುಬಿಟ್ರೆ, ಇದು ಜಿಂಬಾಬ್ವೆ ಅಂತ ಬರ್ಕೋತೀನಿ. ಇಬ್ರಿಗೂ ತೊಂದ್ರೆ ಇಲ್ಲ."

ಚಲುವಯ್ಯ ಹಾರಿ ಕಿಟಕಿಗೆ ಬಂದ. ಹಿಂದೆಯೇ ಸಿದ್ದಯ್ಯನವರೂ ಬಂದರು. ಇಬ್ಬರೂ ಎರಡು ಸರಳು ಹಿಡಿದುಕೊಂಡರು.

"ನಾನಲ್ಲ ಅಂತ ಒಂದ್ ಮಾತು ಅಂದ್ಬುಡು ಸಾಕವ್ವ" ಎಂದ ಚಲುವಯ್ಯ.

"ಅನ್ನಮ್ಮೀ, ಬೇಗ" ಎಂದರು ಸಿದ್ದಯ್ಯನವರು.

ಸಾಕಮ್ಮ ಫೋಟೋ ಈಸಿಕೊಂಡಳು. ತನ್ನ ಕೈಯನ್ನು ಅದರ ಪಕ್ಕ ಹಿಡಿದು ನೋಡಿದಳು. ಇದು ತಾನಲ್ಲ ಎಂದು ಅವಳಿಗೆ ತಿಳಿದಿತ್ತು, ಚಲುವಯ್ಯ ಅದನ್ನು ಅವಳ ಕಣ್ಣಿನಲ್ಲೇ ಕಂಡ. ಅವಳು ತಗ್ಗಿದ ದನಿಯಲ್ಲಿ ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು:

"ಇವ್ಳು ಎಡಗೈಲಿ ಗಂಟು ಆಕ್ತಾವ್ಳೆ ಕಣಪ್ಪ. ನಾನು ಬಲಗೈಯೋಳು."

"ಅದನ್ನೇ ಜೋರಾಗಿ ಅನ್ನವ್ವ, ನಿನ್ ಕಾಲಿಗ್ ಬೀಳ್ತೀನಿ! ನನ್ ಸೊಪ್ಪು ಒಲದಲ್ಲೇ ಓಯ್ತದೆ!"

"ನಿನ್ನ ಕಂಡ್ರೆ ಅಯ್ಯೋ ಅನ್ನಿಸ್ತದೆ ಚಲುವಣ್ಣ" ಎಂದಳು ಸಾಕಮ್ಮ. "ಆದ್ರೆ ಈ ಅಯ್ಯನ ಬಾಯಲ್ಲಿ ನಾನು ಇಪ್ಪತ್ತು ವರ್ಷದಿಂದ ಇವ್ರ ಆಳಾಗಿ ಅವ್ನಿ ಅಂತ ಬಂದಿರೋದು ಇವತ್ತೇ ಮೊದ್ಲು."

"ಏನ್ ಪಿಸುಪಿಸು?" ಸಿದ್ದಯ್ಯನವರು ಸರಳು ಅಲ್ಲಾಡಿಸಿದರು. "ಅನ್ನು ಅಂದ್ರೆ ಅನ್ಬೇಕು! ನಾನಲ್ಲ ಅನ್ನು!"

"ಹೇಳಮ್ಮ" ಎಂದರು ಮೇಡಂ.

"ಅನ್ನವ್ವ" ಎಂದ ಚಲುವಯ್ಯ.

ಸಾಕಮ್ಮ ಫೋಟೋವನ್ನು ಮಡಿಲಿಗೆ ಹಾಕಿಕೊಂಡು ಸೆರಗು ಬಿಗಿದು ಸಿಕ್ಕಿಸಿದಳು.

"ಅನ್ನಾಕಿಲ್ಲ."